ಇಂಪ್ಲಾಂಟ್‌ಗೆ ಮೊದಲು ಬೋನ್ ಗ್ರಾಫ್ಟ್ ಮಾಡಿಸಲೇಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 56 ವರ್ಷ. ಕೆಳಗಿನ ದವಡೆಹಲ್ಲೊಂದನ್ನು ಕೀಳಿಸಿ ಮೂರು ವರ್ಷವಾಯಿತು. ಈಗ ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲು ದವಡೆ ಮೂಳೆಯಲ್ಲಿ ಕೂರಿಸುವ ತಿರುಪು) ಹಾಕಿಸೋಣ ಅಂತ ಹೋದರೆ, ಮೂಳೆ ತೆಳ್ಳಗಾಗಿದೆ, ಮೊದಲು ಬೋನ್ ಗ್ರಾಫ್ಟ್, ಅಂದರೆ ಅಲ್ಲಿಗೆ ಮೂಳೆ ತುಂಬುವುದು, ಮಾಡಬೇಕು, ಆಮೇಲೆ ಐದಾರು ತಿಂಗಳು ಕಾಯಬೇಕು ಅಂದರು. ಹಸುವಿನ ಮೂಳೆಯ ಪುಡಿ ಹಾಕುತ್ತಾರಂತೆ. ನನಗೆ ಸಕ್ಕರೆ ಕಾಯಿಲೆಯೂ ಇದೆ. ತುಂಬಾ ನೋವಾಗುತ್ತದಾ? ಗ್ರಾಫ್ಟ್ ಇಲ್ಲದೆ ನೇರವಾಗಿ ಇಂಪ್ಲಾಂಟ್ ಹಾಕಿಸಿಕೊಳ್ಳಬಹುದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಮೂಳೆಗೆ ಕೆಲಸವಿಲ್ಲ. ಅದು ಕರಗುತ್ತಾ ಹೋಗುತ್ತದೆ, ಅದರಲ್ಲೂ ಮೊದಲ ವರ್ಷ ಜಾಸ್ತಿ. 4 ಮಿ.ಮೀ. ದಪ್ಪದ ಇಂಪ್ಲಾಂಟ್ ಕೂರಬೇಕಾದರೆ ಅದರ ಎರಡೂ ಬದಿಗೆ ಒಂದೊಂದು ಮಿ.ಮೀ. ಆದರೂ ಗಟ್ಟಿ ಮೂಳೆ ಉಳಿಯಬೇಕು. ಅಂದರೆ 6 ಮಿ.ಮೀ. ಅಗಲ ಬೇಕು. ನಿಮ್ಮದು ಎಷ್ಟಿದೆ ಅಂತ ತ್ರೀಡಿ ಸ್ಕ್ಯಾನ್‌ನಲ್ಲಿ ಅಳೆದು ತೋರಿಸಲು ಹೇಳಿ. ಸ್ವಲ್ಪವೇ ಕಮ್ಮಿ ಇದ್ದರೆ ಇಂಪ್ಲಾಂಟ್ ಹಾಕುವಾಗಲೇ ಪಕ್ಕದಲ್ಲಿ ಗ್ರಾಫ್ಟ್ ತುಂಬುವುದುಂಟು. ತೀರಾ ತೆಳ್ಳಗಿದ್ದರೆ ನಿಮ್ಮ ಡಾಕ್ಟರ್ ಹೇಳಿದ್ದೇ ಸರಿಯಾದ ದಾರಿ.

ಈಗ ಆ ಪುಡಿಯ ವಿಷಯ. ಹಸುವಿನ ಮೂಳೆಯನ್ನು ಶುದ್ಧ ಮಾಡಿ, ಜೀವಾಂಶವನ್ನೆಲ್ಲ ತೆಗೆದು, ಖನಿಜದ ಕಾಳುಗಳನ್ನಷ್ಟೇ ಉಳಿಸಿಕೊಂಡಿರುತ್ತಾರೆ. ದಾನಿಗಳಿಂದ ಬಂದ ಮನುಷ್ಯರ ಮೂಳೆ, ನಿಮ್ಮದೇ ದವಡೆಯ ಹಿಂಭಾಗದಿಂದ ಕೆರೆದು ತೆಗೆದ ಮೂಳೆ, ಪೂರ್ತಿ ಕೃತಕವಾಗಿ ತಯಾರಿಸಿದ ಕಾಳು ಇವೂ ಇವೆ. ನಂಬಿಕೆಯ ಕಾರಣಕ್ಕೆ ಪ್ರಾಣಿಯದ್ದು ಬೇಡ ಅನಿಸಿದರೆ ಮೊದಲೇ ಹೇಳಿಬಿಡಿ, ಸಂಕೋಚ ಬೇಡ. ಯಾವುದೇ ಹಾಕಿದರೂ ಅದು ಬಳ್ಳಿಗೆ ಕೊಟ್ಟ ಚಪ್ಪರದ ಹಾಗೆ. ಅದನ್ನು ಹಿಡಿದುಕೊಂಡು ಹೊಸ ಮೂಳೆ ಬೆಳೆಸುವುದು ನಿಮ್ಮ ದೇಹವೇ. ಅದಕ್ಕೇ ಅಷ್ಟು ತಿಂಗಳು ಕಾಯಬೇಕು. 'ಇನ್ನೂ ಸ್ವಲ್ಪ ಬೇಗ ಆಗಲ್ವಾ' ಅಂತ ಒತ್ತಾಯ ಮಾಡಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ, ನಿಮಗೂ ಹೇಳುತ್ತಿದ್ದೇನೆ.

ಆವತ್ತು ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಒತ್ತಿದ್ದು, ಎಳೆದದ್ದು ಗೊತ್ತಾಗುತ್ತದೆ, ನೋವು ಗೊತ್ತಾಗಬಾರದು. ಗೊತ್ತಾದರೆ ಕೈ ಎತ್ತಿ, ಇನ್ನೊಂದು ಇಂಜೆಕ್ಷನ್ ಕೊಡುತ್ತಾರೆ. ವಸಡು ಬಿಡಿಸಿ, ರಕ್ತ ಜಿನುಗಲೆಂದು ಮೂಳೆಗೆ ಸಣ್ಣ ಸಣ್ಣ ತೂತು ಮಾಡಿ, ಕಾಳು ತುಂಬಿ, ಮೇಲೆ ತೆಳ್ಳನೆಯ ಪೊರೆ ಹೊದಿಸಿ ಹೊಲಿಗೆ ಹಾಕುತ್ತಾರೆ. ಆ ಪೊರೆ ಬಹಳ ಮುಖ್ಯ. ವಸಡು ಮೂಳೆಗಿಂತ ಬೇಗ ಬೆಳೆಯುತ್ತದೆ. ಪೊರೆ ಇಲ್ಲದಿದ್ದರೆ ಮೂಳೆ ಬೆಳೆಯಬೇಕಾದ ಜಾಗಕ್ಕೆ ವಸಡೇ ನುಗ್ಗಿಬಿಡುತ್ತದೆ.

ನನಗೆ ಜಾಸ್ತಿ ಫೋನ್ ಬರುವುದು ಎರಡನೇ, ಮೂರನೇ ದಿನ. 'ನಿನ್ನೆಗಿಂತ ಇವತ್ತೇ ಕೆನ್ನೆ ಜಾಸ್ತಿ ಊದಿದೆ ಡಾಕ್ಟ್ರೇ' ಅಂತ ಗಾಬರಿಯಾಗಿರುತ್ತಾರೆ. ಊತ ಆಗಲೇ ಹೆಚ್ಚಿರುವುದು, ಆಮೇಲೆ ಇಳಿಯುತ್ತದೆ. ಸಾಮಾನ್ಯವಾಗಿ ಬರೆದುಕೊಟ್ಟ ಮಾತ್ರೆಗೇ ನೋವು ಹಿಡಿತಕ್ಕೆ ಬರುತ್ತದೆ. ನಾಲಿಗೆಗೆ ಗರಗರ ಅಂತ ಒಂದೆರಡು ಕಾಳು ಸಿಕ್ಕರೂ ಹೆದರಬೇಡಿ. ಆದರೆ ನಾಲ್ಕನೇ ದಿನದ ಮೇಲೂ ಊತ ಏರುತ್ತಿದ್ದರೆ, ಜ್ವರ, ಕೀವು ಕಂಡರೆ, ಹೊಲಿಗೆ ಬಿಟ್ಟು ಕಾಳು ಸುರಿಯುತ್ತಿದ್ದರೆ, ಮರುದಿನವೂ ಕೆಳತುಟಿ ಜೋಮು ಹಿಡಿದ ಹಾಗೇ ಇದ್ದರೆ ತಡಮಾಡದೆ ಡಾಕ್ಟರಿಗೆ ತಿಳಿಸಿ. ಕೆಳದವಡೆಯೊಳಗೆ ತುಟಿಗೆ ಹೋಗುವ ನರವಿದೆ, ಅದಕ್ಕೇ ಈ ಮಾತು.

ಆ ಜಾಗವನ್ನು ನಾಲಿಗೆಯಿಂದ ಸುಮ್ನೆ ಮುಟ್ಟುತ್ತಾ ಇರಬೇಡಿ. ಮೊದಲ ದಿನಗಳಲ್ಲಿ ಜೋರಾಗಿ ಉಗುಳುವುದು, ಸ್ಟ್ರಾ ಹಾಕಿ ಹೀರುವುದು ಬೇಡ. ಮೆತ್ತಗಿನ ಊಟ, ಅದೂ ಇನ್ನೊಂದು ಬದಿಯಲ್ಲಿ. ತೆಗೆದು ಹಾಕುವ ಹಲ್ಲಿನ ಸೆಟ್ ಇದ್ದರೆ ಅದು ಗ್ರಾಫ್ಟ್ ಮೇಲೆ ಒತ್ತದಂತೆ ತಿದ್ದಿಸಿಕೊಳ್ಳಿ. ಬೀಡಿ, ಸಿಗರೇಟು, ತಂಬಾಕು ಯಾರಿಗಾದರೂ ಇದ್ದರೆ ಬಿಡಲೇಬೇಕು. ಗ್ರಾಫ್ಟ್ ಕೆಡಲು ಅದೊಂದು ದೊಡ್ಡ ಕಾರಣ.

ಸಕ್ಕರೆ ಕಾಯಿಲೆ ಇದೆ ಅಂದಮಾತ್ರಕ್ಕೆ ಇದು ಆಗುವುದಿಲ್ಲ ಅಂತಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. 7ರ ಆಸುಪಾಸಿದ್ದರೆ ನಾನು ಧೈರ್ಯವಾಗಿ ಮುಂದುವರಿಯುತ್ತೇನೆ. 8 ದಾಟಿದ್ದರೆ ಮೊದಲು ಸಕ್ಕರೆ ಹತೋಟಿಗೆ ಬರಲಿ ಅನ್ನುತ್ತೇನೆ. ನೀವು ಕೇಳದ ಇನ್ನೊಂದು ವಿಷಯ: ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಮಾತ್ರೆಯನ್ನೋ, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಇಂಜೆಕ್ಷನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ಮುಚ್ಚಿಡಬೇಡಿ. ಅಂಥವರಿಗೆ ದವಡೆಯ ಗಾಯ ಮಾಯದೆ ಮೂಳೆ ಕೊಳೆಯುವ ಅಪಾಯವಿದೆ. ಹಾಗಂತ ನೀವೇ ನಿಲ್ಲಿಸಲೂಬೇಡಿ. ರಕ್ತ ತೆಳು ಮಾಡುವ ಮಾತ್ರೆಗೂ ಇದೇ ಮಾತು.

ಗ್ರಾಫ್ಟ್‌ಗೆ ಐದಾರು ತಿಂಗಳು, ಇಂಪ್ಲಾಂಟ್ ಮೂಳೆಗೆ ಅಂಟಲು ಮತ್ತೆ ಮೂರ್ನಾಲ್ಕು ತಿಂಗಳು, ಆಮೇಲೆ ಹಲ್ಲು. ಹೆಚ್ಚುಕಮ್ಮಿ ಒಂದು ವರ್ಷ. ಅಷ್ಟು ಕಾಯಲು ಆಗುವುದಿಲ್ಲ ಅಂದರೆ ಬ್ರಿಡ್ಜ್ ಇದೆ, ಅಂದರೆ ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಕಟ್ಟಿದ ಹಲ್ಲು. ಅದಕ್ಕೆ ಅಕ್ಕಪಕ್ಕದ ಹಲ್ಲು ಅರೆಯಬೇಕು. ಅವಕ್ಕೆ ಈಗಾಗಲೇ ಕ್ಯಾಪ್ ಇದ್ದರೆ ಬ್ರಿಡ್ಜ್ ಒಳ್ಳೆಯ ಆಯ್ಕೆಯೇ. ಗಟ್ಟಿಯಾದ, ಹುಳುಕಿಲ್ಲದ ಹಲ್ಲುಗಳಾದರೆ ಅವನ್ನು ಅರೆಯಲು ನನಗಂತೂ ಮನಸ್ಸು ಬರುವುದಿಲ್ಲ.