ಎಂಟು ಗಂಟೆಗೊಮ್ಮೆ ಲೊಕೇಶನ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹಾವೇರಿ ಕಡೆಯ ಹುಡುಗ. ವಯಸ್ಸು 20. ಬೆಂಗಳೂರಿನ ಪಿಜಿಯಲ್ಲಿದ್ದುಕೊಂಡು ಮೂರನೇ ವರ್ಷದ ಎಂಜಿನಿಯರಿಂಗ್ ಓದುತ್ತಿದ್ದಾನೆ. ಎರಡು ಸಬ್ಜೆಕ್ಟ್ ಬ್ಯಾಕ್ ಇವೆ. "ಓದಾಕ ಕುಂತ್ರ ತಲಿಗೆ ಹತ್ತವಲ್ದ್ರಿ ಮೇಡಂ, ಗುಳಿಗಿ ಏನರ ಅದಾವೇನ್ರಿ?" ಎಂದು ಕೇಳಿಕೊಂಡೇ ನನ್ನ ಹತ್ತಿರ ಸಲಹೆಗೆ ಬಂದ.

ಮಾತಾಡುವಾಗಲೂ ಫೋನ್ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಯಾಕೆ ಅಂದರೆ, ತಾನೆಲ್ಲಿದ್ದೇನೆ ಅಂತ ಇನ್ನೊಬ್ಬರಿಗೆ ತೋರಿಸುತ್ತಲೇ ಇರುವ ಲೈವ್ ಲೊಕೇಶನ್ ಮುಗಿಯುವ ಹೊತ್ತಾಗಿತ್ತಂತೆ. ವಾಟ್ಸ್‌ಆ್ಯಪ್‌ನಲ್ಲಿ ಅದು ಹೆಚ್ಚೆಂದರೆ 8 ಗಂಟೆ ನಡೆಯುತ್ತದೆ, ಆಮೇಲೆ ಮತ್ತೆ ಕಳಿಸಬೇಕು. ಪಿಯುಸಿಯಿಂದ ಪ್ರೀತಿಸುತ್ತಿರುವ ಹುಡುಗಿ ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಾಳೆ. ಇವನು ಕಳಿಸುವುದು ಮರೆತರೆ ಅವಳ ಜಗಳ, ಅವಳು ಮರೆತರೆ ಇವನ ಜಗಳ. ರಾತ್ರಿ ಒಂದು ಗಂಟೆಗೆ ಬಂದ ಮೆಸೇಜ್ ತೋರಿಸಿದ: "ಆನ್‌ಲೈನ್ ಅದೀ, ನನಗ ರಿಪ್ಲೈ ಇಲ್ಲ. ಯಾರ ಜೋಡಿ?" ಆಗ ಅವನು ಕ್ಲಾಸ್ ಗ್ರೂಪ್‌ನಿಂದ ನೋಟ್ಸ್ ಡೌನ್‌ಲೋಡ್ ಮಾಡುತ್ತಿದ್ದನಂತೆ.

ಪಾಠದ ವಿಡಿಯೊ, ನೋಟ್ಸ್, ಪ್ರೀತಿ, ಜಗಳ ಎಲ್ಲ ಒಂದೇ ಫೋನಿನಲ್ಲಿ. ಗುಳಿಗೆ ಏನು ಮಾಡೀತು? ಹಿಂದಿನವರಿಗೆ ಅನುಮಾನ ಇರಲಿಲ್ಲ ಅಂತಲ್ಲ. ನಿಮಿಷಕ್ಕೊಮ್ಮೆ ತಪಾಸಣೆ ಮಾಡೋಕೆ ದಾರಿ ಇರಲಿಲ್ಲ, ಅಷ್ಟೇ.

ಬ್ರೇಕಪ್ ಮಾಡ್ಕೊ, ಆ್ಯಪ್ ತೆಗೆದುಬಿಡು ಅಂತ ನಾನು ಹೇಳಲಿಲ್ಲ. ಮೊದಲು ಅವಳಿಗೆ ಫೋನ್ ಮಾಡಿ ಹೇಳು, ಆಮೇಲೆ ಲೊಕೇಶನ್, ಲಾಸ್ಟ್ ಸೀನ್, ಬ್ಲೂ ಟಿಕ್ ನಿಲ್ಲಿಸು ಅಂದೆ. ಹೇಳದೆ ಮುಚ್ಚಿಟ್ಟರೆ ಅನುಮಾನ ಜಾಸ್ತಿ ಆಗುತ್ತೆ ಅಲ್ವಾ? ನಮ್ಮ ಲಾಸ್ಟ್ ಸೀನ್ ಮರೆಮಾಡಿದರೆ ಇನ್ನೊಬ್ಬರದ್ದೂ ನಮಗೆ ಕಾಣಿಸುವುದಿಲ್ಲ. ಅದನ್ನು ಹೇಳಿದಾಗ ಹುಡುಗನ ಮುಖ ಸಪ್ಪಗಾಯಿತು. ಕಾವಲು ಕಾಯುವ ಚಟ ಅವಳೊಬ್ಬಳದ್ದೇ ಆಗಿರಲಿಲ್ಲ.

ಸಂಜೆ ಓದುವ ಹೊತ್ತಿನಲ್ಲಿ ಫೋನ್ ರೂಮ್‌ಮೇಟ್ ಕೈಗೆ. ವಿಡಿಯೊ ಬೇಕಾದರೆ ಲ್ಯಾಪ್‌ಟಾಪ್‌ನಲ್ಲಿ, ಅದೂ ವಾಟ್ಸ್‌ಆ್ಯಪ್ ವೆಬ್ ಲಾಗೌಟ್ ಮಾಡಿ. ಊಟ ಆದ ಮೇಲೆ ಒಂದು ಕಾಲ್, ಆರಾಮಾಗಿ. ಮೆಸೇಜ್‌ನಲ್ಲಿ ಮಾತ್ರ ಜಗಳ ಬೇಡ ಅಂದೆ.

ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಕೂಡ ಇಬ್ಬರೂ ಹಂಚಿಕೊಂಡಿದ್ದರು. "ಕೊಡಲಿಲ್ಲಂದ್ರ ನಂಬಿಕಿ ಇಲ್ಲ ಅಂತ ಆಗಂಗಿಲ್ಲೇನ್ರಿ?" ಎಂದ. ನಿನ್ನನ್ನು ನಂಬಿ ಕಷ್ಟ ಹೇಳಿಕೊಂಡ ಗೆಳೆಯರ ಮೆಸೇಜ್‌ಗಳೂ ಅಲ್ಲೇ ಇವೆಯಲ್ಲ, ಅವನ್ನು ತೋರಿಸೋಕೆ ಅವರನ್ನು ಕೇಳಿದ್ದೀಯಾ ಅಂದೆ. ಸುಮ್ಮನಾದ. ಇಬ್ಬರೂ ನಿಮ್ಮ ನಿಮ್ಮ ಪಾಸ್‌ವರ್ಡ್ ಬದಲಿಸಿಬಿಡಿ ಎಂದು ಹೇಳಿ ಕಳಿಸಿದೆ.

ಒಮ್ಮೆ ಜಗಳದಲ್ಲಿ ಅವಳು ಸಾಯುವ ಮಾತಾಡಿದ್ದಳು. ಅದನ್ನು ನಾಟಕ ಅಂತ ತಳ್ಳಿಹಾಕಬೇಡ, ಒಬ್ಬನೇ ಹೊತ್ತುಕೊಳ್ಳಲೂ ಬೇಡ ಅಂದೆ. ತಕ್ಷಣ ಅವಳ ಹತ್ತಿರ ಇರುವ ಗೆಳತಿಗೋ ಮನೆಯವರಿಗೋ ತಿಳಿಸಬೇಕು. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ನಂಬರನ್ನು ಇಬ್ಬರ ಫೋನಿನಲ್ಲೂ ಸೇವ್ ಮಾಡಿಕೊಳ್ಳಲು ಹೇಳಿದೆ.

ಮೊದಮೊದಲು ಅವಳು ಮಾತೇ ಬಿಟ್ಟಿದ್ದಳಂತೆ. ಆಮೇಲೆ ತಾನೂ ಲೊಕೇಶನ್ ನಿಲ್ಲಿಸಿದಳು. ಜಗಳ ಈಗಲೂ ಇದೆ, ಕಾಲ್‌ನಲ್ಲಿ. ಒಂದು ಬ್ಯಾಕ್ ಪಾಸಾಗಿದೆ. ಮ್ಯಾಥ್ಸ್ ಉಳಿದಿದೆ, ಅದಕ್ಕೆ ಟ್ಯೂಷನ್‌ಗೆ ಸೇರು ಅಂದಿದ್ದೇನೆ.