ಲಾರಿ ಜಾಸ್ತಿ ಗುದ್ದುತ್ತದೋ, ಕಾರೋ?

ಪ್ರಶ್ನೆ: ನಾನು ಪದವಿ ತರಗತಿಗಳಿಗೆ ಭೌತವಿಜ್ಞಾನ ಕಲಿಸುತ್ತೇನೆ. ಈ ವರ್ಷ ಫ್ಲಿಪ್ಡ್ ಕ್ಲಾಸ್‌ರೂಮ್ ಶುರು ಮಾಡಿದೆ. ಪಾಠದ ವಿಡಿಯೊ ಮೊದಲೇ ಕಳಿಸಿ, ತರಗತಿಯಲ್ಲಿ ಲೆಕ್ಕ ಬಿಡಿಸುತ್ತೇವೆ. ಆದರೂ ವಿದ್ಯಾರ್ಥಿಗಳು ಸ್ವಂತವಾಗಿ ಯೋಚಿಸುವುದಿಲ್ಲ. ‘ನೀವೇ ಪಾಠ ಮಾಡಿ’ ಅನ್ನುತ್ತಾರೆ. ಬಿಟ್ಟುಬಿಡಲೇ?

ಉತ್ತರ: ದಯವಿಟ್ಟು ಬಿಡಬೇಡಿ. ಆದರೆ ಆ ಲೆಕ್ಕಗಳನ್ನು ಬೋರ್ಡಿನ ಮೇಲೆ ಬಿಡಿಸುವುದು ನೀವೇ ತಾನೆ? ನಾನೂ ಮೊದಲ ವರ್ಷ ಹಾಗೇ ಮಾಡಿದೆ. ರಾತ್ರಿಯೆಲ್ಲ ಕೂತು 40 ನಿಮಿಷದ ವಿಡಿಯೊ ಮಾಡುತ್ತಿದ್ದೆ. ತರಗತಿಯಲ್ಲಿ ಏನು ಕೇಳಬೇಕು ಅಂತ ಯೋಚಿಸಿರಲೇ ಇಲ್ಲ.

ಒಂದು ದಿನ ಸುಮ್ನೆ ಕೇಳಿದೆ: ಲಾರಿಯೂ ಸಣ್ಣ ಕಾರೂ ಡಿಕ್ಕಿ ಹೊಡೆದರೆ, ಯಾವುದು ಇನ್ನೊಂದರ ಮೇಲೆ ಜಾಸ್ತಿ ಬಲ ಹಾಕುತ್ತದೆ? ಎರಡೂ ಒಂದರ ಮೇಲೊಂದು ಹಾಕುವ ಬಲ ಸಮ ಎನ್ನುವ ನ್ಯೂಟನ್ನನ ಮೂರನೇ ನಿಯಮ ಎಲ್ಲರಿಗೂ ಬಾಯಿಪಾಠ. ಆದರೂ ಹೆಚ್ಚಿನವರು ಲಾರಿಗೇ ಕೈ ಎತ್ತಿದರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ ಕೂಡ 1990ರ ಸುಮಾರಿಗೆ ತಮ್ಮ ವಿದ್ಯಾರ್ಥಿಗಳಲ್ಲಿ ಇಂಥದ್ದೇ ಗೊಂದಲ ಕಂಡಿದ್ದರು. ಅವರು ಹಿಡಿದ ದಾರಿಯನ್ನೇ ನಾನೂ ಹಿಡಿದೆ. ಮೊದಲು ಪ್ರತಿಯೊಬ್ಬರೂ ಒಂಟಿಯಾಗಿ ಉತ್ತರ ಬರೆಯಬೇಕು. ಆಮೇಲೆ ಪಕ್ಕದವರನ್ನು ಒಪ್ಪಿಸಬೇಕು. ಕೊನೆಗೆ ಮತ್ತೆ ಬರೆಯಬೇಕು.

‘ಕಾರೇ ಅಲ್ವಾ ಜಾಸ್ತಿ ನುಜ್ಜುಗುಜ್ಜಾಗೋದು? ಮತ್ತೆ ಬಲ ಹೇಗೆ ಸಮ?’ ಎಂದು ಹಿಂದಿನ ಬೆಂಚಿನ ಹುಡುಗಿ ಜಗಳಕ್ಕೇ ನಿಂತಳು. ಪಕ್ಕದವಳು ತಡವರಿಸಿ, ಎರಡು ಸಲ ತಪ್ಪಾಗಿ ಹೇಳಿ, ಕೊನೆಗೆ ಹಿಡಿದಳು: ಬಲ ಸಮ, ಕಾರಿನ ದ್ರವ್ಯರಾಶಿ ಕಡಿಮೆ, ಅದಕ್ಕೇ ಅದರ ವೇಗ ಥಟ್ಟನೆ ಬದಲಾಗುತ್ತದೆ. ನಾನು 12 ನಿಮಿಷ ಬಾಯಿ ಬಿಡಲಿಲ್ಲ. ಬಲ ಬೇರೆ, ಅದರ ಪರಿಣಾಮ ಬೇರೆ ಎಂದು ಅವರೇ ಬಿಡಿಸಿಕೊಂಡರು.

ವಿಡಿಯೊ 10 ನಿಮಿಷ ಸಾಕು. ನೋಡದೆ ಬಂದವರಿಗಾಗಿ ಅದನ್ನೇ ಮತ್ತೆ ಹೇಳಬೇಡಿ. ತಪ್ಪು ಉತ್ತರವೇ ಸರಿ ಅನ್ನಿಸುವಂಥ ಪ್ರಶ್ನೆ ಹುಡುಕಿ. ಎಲ್ಲರೂ ಸರಿ ಹೇಳಿದರೆ ಮುಂದೆ ಹೋಗಿ. ತೀರಾ ಕೆಲವರೇ ಹೇಳಿದರೆ ನೀವೇ ವಿವರಿಸಿ. ಸುಮಾರು ಅರ್ಧ ಜನ ಸರಿ, ಅರ್ಧ ಜನ ತಪ್ಪು ಹೇಳಿದಾಗಲೇ ಚರ್ಚೆ ಕಾವೇರುವುದು.

‘ನೀವೇ ಪಾಠ ಮಾಡಿ’ ಎಂಬ ಮಾತಿಗೆ ನೊಂದುಕೊಳ್ಳಬೇಡಿ. ಹಾರ್ವರ್ಡ್‌ನಲ್ಲೇ ಭೌತವಿಜ್ಞಾನದ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಉಪನ್ಯಾಸ ಕೇಳಿದವರಿಗೆ ತಾವು ಜಾಸ್ತಿ ಕಲಿತೆವು ಅನ್ನಿಸಿತ್ತು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ತಾವೇ ತಿಣುಕಿ ಬಿಡಿಸಿದವರಿಗೆ. ಇದನ್ನು ವಿದ್ಯಾರ್ಥಿಗಳಿಗೆ ನೇರವಾಗಿ ಹೇಳಿ.

ಕಿರುಪರೀಕ್ಷೆಯನ್ನೂ ಬದಲಿಸಿ. ಮುಂದಿನ ಸಲ ಲಾರಿಯ ಪ್ರಶ್ನೆಯನ್ನೇ ಕೊಡಿ. ಉತ್ತರಕ್ಕೆ 1 ಅಂಕ, ಕಾರಣಕ್ಕೆ 4.