ಸೊರಗಿದ ಗಿಡಕ್ಕೆ ಸೂಡೊಮೊನಾಸ್ ಸುರಿಯಬೇಡಿ

ಪ್ರಶ್ನೆ: ನಮ್ಮದು ಮುಳಬಾಗಿಲು ತಾಲ್ಲೂಕು. ಟೊಮೆಟೊ ಸೊರಗಲು ಶುರುವಾದ ಮೇಲೆ ಎಕರೆಗೆ 2 ಕೆಜಿ ಸೂಡೊಮೊನಾಸ್ ಪುಡಿಯನ್ನು ಡ್ರಿಪ್‌ನಲ್ಲಿ ಬಿಟ್ಟೆ. ಎರಡು ದಿನ ಕಳೆದು ತಾಮ್ರದ ಶಿಲೀಂಧ್ರನಾಶಕ ಕಾಪರ್ ಆಕ್ಸಿಕ್ಲೋರೈಡನ್ನು ಬುಡಕ್ಕೆ ಸುರಿದೆ. ಗಿಡ ಉಳಿಯಲಿಲ್ಲ. ಪುಡಿ ನಕಲಿಯೇ ಸರ್?

ಇದ್ದರೂ ಇರಬಹುದು. ಆದರೆ ಅಸಲಿ ಪುಡಿಯೇ ಆಗಿದ್ದರೂ ಆ ಗಿಡಗಳು ಉಳಿಯುತ್ತಿರಲಿಲ್ಲ. ಬೆಳೆ ಕೈಬಿಟ್ಟ ಮೇಲೆ ಈ ಪ್ರಶ್ನೆ ಕೇಳುವವರನ್ನು ನೋಡಿ ನೋಡಿ ನನಗೆ ಬೇಸರ ಬಂದಿದೆ. ನಾಟಿಗೆ ಮೊದಲು ಕೇಳುವವರು ಬೆರಳೆಣಿಕೆಯಷ್ಟು.

ಸೂಡೊಮೊನಾಸ್ ಫ್ಲೋರೆಸೆನ್ಸ್ ಜೀವಂತ ಬ್ಯಾಕ್ಟೀರಿಯಾ. ಬೇರು ಒಸರುವ ಸಕ್ಕರೆಯಂಥ ಪದಾರ್ಥಗಳನ್ನು ತಿಂದು ಬೇರಿನ ಸುತ್ತಲೇ ಬೀಡುಬಿಡುತ್ತದೆ. ಅಲ್ಲಿನ ಕಬ್ಬಿಣದ ಅಂಶವನ್ನು ತಾನೇ ಎಳೆದುಕೊಂಡು ರೋಗದ ಶಿಲೀಂಧ್ರವನ್ನು ಉಪವಾಸ ಕೆಡವುತ್ತದೆ, ಅದರ ಬೆಳವಣಿಗೆ ತಡೆಯುವ ವಸ್ತುಗಳನ್ನೂ ಬಿಡುತ್ತದೆ. ಸೊರಗು ತರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಗಿಡದ ಒಳಹೊಕ್ಕು ನೀರು ಹರಿಯುವ ನಾಳ ಕೆಡಿಸಿದ ಮೇಲೆ ಅದನ್ನು ಹೊರಗಟ್ಟುವ ಶಕ್ತಿ ಇದಕ್ಕಿಲ್ಲ. ಅದರ ಮೇಲೆ ನೀವು ತಾಮ್ರ ಸುರಿದಿರಿ. ತಾಮ್ರ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಎರಡರ ನಡುವೆ ಕನಿಷ್ಠ 15 ದಿನವಾದರೂ ಬಿಡಿ; ಒಂದೇ ಡ್ರಮ್ಮಿಗಂತೂ ಯಾವತ್ತೂ ಬೆರೆಸಬೇಡಿ.

ಅಷ್ಟಕ್ಕೂ ಅದು ಶಿಲೀಂಧ್ರದ ಸೊರಗೇ ಹೌದೋ ಅಂತ ನೋಡಿದಿರಾ? ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ನಿಲ್ಲಿಸಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದರೆ ಅದು ರಾಲ್‌ಸ್ಟೋನಿಯಾ, ಬ್ಯಾಕ್ಟೀರಿಯಾದಿಂದ ಬರುವ ಸೊರಗು. ಹಸಿರಾಗಿದ್ದ ಗಿಡವೇ ದಿಢೀರನೆ ಬಾಡುತ್ತದೆ. ಫ್ಯುಸೇರಿಯಂ ಆದರೆ ಕೆಳಗಿನ ಎಲೆ ಮೊದಲು ಹಳದಿಯಾಗಿ ನಿಧಾನವಾಗಿ ಮೇಲೇರುತ್ತದೆ, ಕಾಂಡ ಸೀಳಿದರೆ ಒಳಗೆ ಕಂದು ಗೆರೆ. ರಾಲ್‌ಸ್ಟೋನಿಯಾ ಕಂಡ ಹೊಲದಲ್ಲಿ ಟೊಮೆಟೊ ಆದ ಮೇಲೆ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಇಡಬೇಡಿ. ದಯವಿಟ್ಟು ಇದನ್ನು ಮರೆಯಬೇಡಿ.

ಮುಂದಿನ ಬೆಳೆಗೆ ಹೀಗೆ ಮಾಡಿ. ನಾಟಿ ದಿನ ಲೀಟರ್ ನೀರಿಗೆ 10 ಗ್ರಾಂ ಪುಡಿ ಕಲಸಿ, ಸಸಿಯ ಬೇರನ್ನು ಅರ್ಧ ಗಂಟೆ ಅದ್ದಿಡಿ. ಎಕರೆಗೆ 1 ಕೆಜಿಯಂತೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ಸಂಜೆ ತೇವವಿರುವ ಮಣ್ಣಿಗೇ ಕೊಡಿ. ಒಣ ಮಣ್ಣಿಗೆ, ಮಟಮಟ ಮಧ್ಯಾಹ್ನ ಹಾಕಿದರೆ ದುಡ್ಡು ದಂಡ.

ಶಿರಾದಿಂದ: ಕಡಲೆಕಾಯಿ ಬೀಜಕ್ಕೆ ಪುಡಿ ಹಚ್ಚಿ ಬಿಸಿಲಿಗೆ ಒಣಹಾಕಬಹುದೇ?

ಬೇಡ. ನೆರಳಲ್ಲಿ ಆರಿಸಿ, ಅದೇ ದಿನ ಬಿತ್ತಿ. ಕೆಜಿ ಬೀಜಕ್ಕೆ 10 ಗ್ರಾಂ.

ತಿಪಟೂರಿನಿಂದ: ಟ್ರೈಕೋಡರ್ಮಾ ಕೂಡ ಬ್ಯಾಕ್ಟೀರಿಯಾ ತಾನೇ?

ಅಲ್ಲ, ಅದು ಶಿಲೀಂಧ್ರ. ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕದ ಜೊತೆ ಕೊಟ್ಟರೆ ಸಾಯುತ್ತದೆ.

ಚಿಂತಾಮಣಿಯಿಂದ: ಮೂರು ದಿನದಲ್ಲಿ ಸೊರಗು ವಾಸಿ ಎಂದು ಊರಿಗೆ ಬಂದವರೊಬ್ಬರು ಲೇಬಲ್ ಇಲ್ಲದ ಬಾಟಲಿ ಮಾರುತ್ತಿದ್ದಾರೆ. ತೆಗೆದುಕೊಳ್ಳಲೇ?

ಅವರನ್ನು ಹೊಲದ ಬದುವಿನಿಂದಲೇ ವಾಪಸ್ ಕಳಿಸಿ. ಯಾವ ಜೀವಿ, ಗ್ರಾಂಗೆ ಎಷ್ಟು ಕೋಟಿ ಕಣ, ಎಂದು ತಯಾರಾಗಿದೆ, ಎಂದಿನವರೆಗೆ ಬದುಕಿರುತ್ತದೆ, ಈ ನಾಲ್ಕೂ ಲೇಬಲ್ಲಿನಲ್ಲಿ ಇಲ್ಲದ್ದನ್ನು ಮುಟ್ಟಬೇಡಿ. ಸೂಡೊಮೊನಾಸ್‌ಗೆ ಬ್ಯಾಸಿಲಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದಂತೆ ಗಟ್ಟಿ ಬೀಜಕಣವಿಲ್ಲ, ಕಾದ ತಗಡಿನ ಕೆಳಗಿಟ್ಟ ಅಸಲಿ ಪೊಟ್ಟಣವೂ ಬೇಗ ಸಾಯುತ್ತದೆ. ನಿಮಗೆ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರ ಹತ್ತಿರವೇ ಇದೆ, ಸೊರಗಿದ ಗಿಡವನ್ನು ಬೇರುಸಹಿತ ಅಲ್ಲಿಗೆ ಒಯ್ದು ತೋರಿಸಿ.